ದೋಣಿಯ ಫೈಬರ್ ಸೈಲೆನ್ಸರ್ ಬಿರುಕು ಬಿಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಲೆನ್ಸರ್ ಎಂದರೆ ಸದ್ದು ಕಡಿಮೆ ಮಾಡುವ ಡಬ್ಬ ಅಂತ ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ದೋಣಿಯಲ್ಲಿ ಅದರ ಕೆಲಸ ಅಷ್ಟೇ ಅಲ್ಲ. ಹೊಗೆ ಮತ್ತು ಉಪ್ಪುನೀರು ಎರಡೂ ದೋಣಿಯ ಒಳಗೇ ಹರಿದು ಹೊರಗೆ ಹೋಗುವ ದಾರಿ ಅದು. ಅಲ್ಲಿ ಬಿರುಕು ಬಿಟ್ಟರೆ ಹೊಗೆ ಕೋಣೆಗೆ ಬರುತ್ತದೆ, ನೀರು ತಳಕ್ಕೆ ಬರುತ್ತದೆ. ರಿಪೇರಿ ಕಷ್ಟವೇನಲ್ಲ, ಆದರೆ ರೆಸಿನ್ (ಫೈಬರಿನ ಗಾಜಿನ ಎಳೆಗಳನ್ನು ಹಿಡಿದು ಗಟ್ಟಿಯಾಗುವ ದ್ರವ) ಆರಿಸುವಾಗ ತಪ್ಪಿದರೆ ಮತ್ತು ಬಿರುಕು ಯಾಕೆ ಬಂತು ಎಂದು ಹುಡುಕದೇ ಹೋದರೆ ಹಾಕಿದ ತೇಪೆ ನಿಲ್ಲುವುದಿಲ್ಲ.

ಇದು ಯಾವ ದೋಣಿಗೆ ಅನ್ವಯಿಸುತ್ತದೆ?

ಡೀಸೆಲ್ ಎಂಜಿನ್ ದೋಣಿಯ ಒಳಗಿದ್ದು, ಹಿಂಬದಿಯಿಂದ ಹೊಗೆಯ ಜೊತೆ ನೀರೂ ಚಿಮ್ಮುತ್ತಿದ್ದರೆ ಇದು ನಿಮ್ಮದೇ ವಿಷಯ. ಹಾಯಿದೋಣಿ, ಯಾಟ್, ಪ್ರವಾಸಿಗರನ್ನೋ ಡೈವಿಂಗ್‌ನವರನ್ನೋ ಕರೆದೊಯ್ಯುವ ಕೆಲವು ದೋಣಿಗಳು ಈ ಗುಂಪಿನವು. ಮಲ್ಪೆ, ಮಂಗಳೂರು ಕಡೆಯ ಟ್ರಾಲರುಗಳಲ್ಲಿ ಹೆಚ್ಚಿನವಕ್ಕೆ ಕಬ್ಬಿಣದ ಒಣ ಹೊಗೆಕೊಳವೆ ನೇರ ಮೇಲಕ್ಕೆ ಹೋಗುತ್ತದೆ. ಅದರ ರಿಪೇರಿ ವೆಲ್ಡಿಂಗ್‌ನವರ ಕೆಲಸ, ಅಲ್ಲಿ ಫೈಬರ್ ನಡೆಯುವುದಿಲ್ಲ. ಔಟ್‌ಬೋರ್ಡ್ ಎಂಜಿನ್ ಆದರೆ ಹೊಗೆ ಸಾಮಾನ್ಯವಾಗಿ ಪ್ರೊಪೆಲ್ಲರ್ ಮಧ್ಯದಿಂದ ನೀರೊಳಗೆ ಹೋಗುತ್ತದೆ. ಅಲ್ಲಿ ಈ ಡಬ್ಬವೇ ಇರುವುದಿಲ್ಲ.

ಬಿಸಿ ಹೊಗೆ ಹೋಗುವ ಜಾಗಕ್ಕೆ ಫೈಬರ್ ಯಾಕೆ? ಸುಟ್ಟುಹೋಗುವುದಿಲ್ವಾ?

ನೀರು ಇರುವವರೆಗೆ ಸುಡುವುದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ಆ ನೀರಿನ ಮೇಲೆಯೇ.

ಎಂಜಿನ್‌ನಿಂದ ಹೊರಬೀಳುವ ಹೊಗೆ ಭಾರ ಬಿದ್ದಾಗ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇನ್ನೊಂದು ಕಡೆ ಇಂಪೆಲ್ಲರ್ ಎಂಬ ರಬ್ಬರ್ ರೆಕ್ಕೆಚಕ್ರ ಇರುವ ಪಂಪು ಸಮುದ್ರದ ನೀರನ್ನು ಎಳೆದು, ಎಂಜಿನ್ ತಣಿಸುವ ಹೀಟ್ ಎಕ್ಸ್‌ಚೇಂಜರ್ ಮೂಲಕ ಹಾಯಿಸುತ್ತದೆ. ಕೊನೆಗೆ ಆ ನೀರನ್ನು ಮಿಕ್ಸಿಂಗ್ ಎಲ್ಬೋ ಎಂಬ ಬಾಗಿದ ಕೊಳವೆಯಲ್ಲಿ ಹೊಗೆಯೊಳಕ್ಕೇ ಬಿಡುತ್ತದೆ. ಅಲ್ಲಿ ಹೊಗೆಯ ಬಿಸಿ ಒಮ್ಮೆಲೇ ಇಳಿಯುತ್ತದೆ. ಎಲ್ಲ ಸರಿ ಇದ್ದರೆ ಎಲ್ಬೋ ದಾಟಿದ ಮೇಲಿನ ರಬ್ಬರ್ ಹೋಸನ್ನು ಕೈಯಲ್ಲಿ ಹಿಡಿದುಕೊಳ್ಳಬಹುದು.

ಈ ಹೊಗೆ, ನೀರು ಎರಡೂ ಸೈಲೆನ್ಸರ್‌ಗೆ ಬೀಳುತ್ತವೆ. ಹೊರಗೆ ಹೋಗುವ ಕೊಳವೆಯ ಬಾಯಿ ಡಬ್ಬದ ತಳದ ಹತ್ತಿರ ಇರುತ್ತದೆ. ನೀರು ತುಂಬಿ ಆ ಬಾಯಿ ಮುಚ್ಚಿದಾಗ ಹೊಗೆಯ ಒತ್ತಡ ನೀರನ್ನು ಮೇಲಕ್ಕೆ ದಬ್ಬುತ್ತದೆ. ಅಲ್ಲಿಂದ ಎತ್ತರದ ಬಾಗು ದಾಟಿ ಹಿಂಬದಿಗೆ. ಅದಕ್ಕೇ ಇದನ್ನು ವಾಟರ್‌ಲಿಫ್ಟ್ ಎನ್ನುತ್ತಾರೆ. ಉಪ್ಪುನೀರು ಮತ್ತು ಡೀಸೆಲ್‌ನ ಗಂಧಕದಿಂದ ಹುಟ್ಟುವ ಆಮ್ಲ ಎರಡೂ ಸೇರಿದ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ವೆಲ್ಡಿಂಗ್ ಹತ್ತಿರ ತೂತು ಬೀಳುತ್ತದೆ. ಫೈಬರ್ ತುಕ್ಕು ಹಿಡಿಯುವುದಿಲ್ಲ. ಆದ್ದರಿಂದ ಅಮೆರಿಕದ ಸೆಂಟೆಕ್‌ನಂಥ ಕಂಪನಿಗಳು ದಶಕಗಳಿಂದ ಫೈಬರ್‌ನಲ್ಲೇ ಮಾಡುತ್ತಿವೆ. ನೆದರ್‌ಲ್ಯಾಂಡ್ಸ್‌ನ ವೆಟಸ್ ಅಚ್ಚಿನ ಪ್ಲಾಸ್ಟಿಕ್‌ನಲ್ಲೂ ಮಾಡುತ್ತದೆ. ನಿಮ್ಮದು ಪ್ಲಾಸ್ಟಿಕ್ ಆದರೆ ಮುಂದೆ ಬರುವ ಲ್ಯಾಮಿನೇಷನ್, ಅಂದರೆ ಪದರ ಹಾಕುವ ಮಾತು ಯಾವುದೂ ಅನ್ವಯಿಸುವುದಿಲ್ಲ. ಆ ಪ್ಲಾಸ್ಟಿಕ್‌ಗೆ ರೆಸಿನ್ ಅಂಟುವುದಿಲ್ಲ, ಹೊಸದೇ ಗತಿ.

ಬಿರುಕು ಇದೆ ಎಂದು ಹೇಗೆ ಗೊತ್ತಾಗುತ್ತದೆ?

ಎಂಜಿನ್ ಓಡುವಾಗ ಮಾತ್ರ ತಳದಲ್ಲಿ ನೀರು ಸೇರಿ, ನಿಲ್ಲಿಸಿದರೆ ನಿಂತುಹೋದರೆ ಮೊದಲ ಅನುಮಾನ ತಣ್ಣೀರಿನ ದಾರಿ ಅಥವಾ ಸೈಲೆನ್ಸರ್ ಮೇಲೆ ಬರಲಿ. ಸೈಲೆನ್ಸರ್ ಮೈಮೇಲೆ ಕಪ್ಪು ಮಸಿಯ ಗೆರೆ, ಅದರ ಸುತ್ತ ಒಣಗಿದ ಉಪ್ಪಿನ ಬಿಳಿ ಪುಡಿ ಕಂಡರೆ ಜಾಗವೂ ಸಿಕ್ಕಿದ ಹಾಗೆಯೇ. ಎಂಜಿನ್ ಕೋಣೆಯ ಮುಚ್ಚಳ ತೆಗೆದಾಗ ಹಬೆ, ಡೀಸೆಲ್ ಹೊಗೆಯ ವಾಸನೆ, ಗೋಡೆಗಳ ಮೇಲೆ ತೇವದ ಮಸಿ ಕೂಡ ಅದನ್ನೇ ಹೇಳುತ್ತವೆ.

ಬಿರುಕು ಸಾಮಾನ್ಯವಾಗಿ ಮೂರು ಜಾಗದಲ್ಲಿ ಬರುತ್ತದೆ. ಕೊಳವೆ ಡಬ್ಬಕ್ಕೆ ಸೇರುವ ಕುತ್ತಿಗೆ, ಎರಡು ಭಾಗ ಅಂಟಿಸಿದ ಅಂಚು, ನೀರು ಬಸಿಯುವ ಡ್ರೈನ್ ಪ್ಲಗ್‌ನ ಸುತ್ತ. ನಡು ಗೋಡೆಯಲ್ಲಿ ಬಂದಿದ್ದರೆ ಯಾರೋ ಕಾಲಿಟ್ಟಿದ್ದಾರೆ, ಇಲ್ಲವೇ ಒಳಗಿಂದ ಸುಟ್ಟಿದೆ ಎಂದು ಯೋಚಿಸಿ.

ಮೇಲಿನ ಬಣ್ಣದ ಪದರದಲ್ಲಿ ಮಾತ್ರ ಕೂದಲೆಳೆಯಂಥ ಗೆರೆ ಇದ್ದರೆ ಗಾಬರಿ ಬೇಡ. ಅನುಮಾನವಿದ್ದರೆ 80 ನಂಬರ್ ಎಮರಿ ಪೇಪರಿನಲ್ಲಿ ಸ್ವಲ್ಪ ಉಜ್ಜಿ ನೋಡಿ. ಗೆರೆ ಅಳಿಸಿಹೋದರೆ ಅದು ಜೆಲ್‌ಕೋಟ್‌ನದ್ದು. ಗಾಜಿನ ಎಳೆಯೊಳಕ್ಕೆ ಇಳಿದಿದ್ದರೆ ಮುಂದೆ ಓದಿ.

ಸಣ್ಣ ಸೋರಿಕೆ ತಾನೇ, ಸೀಸನ್ ಮುಗಿಯುವವರೆಗೆ ಹೀಗೇ ಓಡಿಸಬಹುದಾ?

ಬೇಡ.

ಮೊದಲ ಕಾರಣ ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಎಂಜಿನ್‌ಗಿಂತ ಡೀಸೆಲ್‌ನಲ್ಲಿ ಇದು ಕಡಿಮೆ, ನಿಜ. ಆದರೆ ಮುಚ್ಚಿದ ಕ್ಯಾಬಿನ್‌ನಲ್ಲಿ, ಮಲಗಿರುವವರಿಗೆ, ಮಕ್ಕಳಿಗೆ "ಕಡಿಮೆ" ಎಂಬುದು ಸಮಾಧಾನದ ಮಾತಲ್ಲ. ಇದರ ಲಕ್ಷಣ ತಲೆನೋವು, ತಲೆಸುತ್ತು, ವಾಂತಿ. ದೋಣಿಯಲ್ಲಿ ಇದನ್ನೆಲ್ಲ ಕಂಡರೆ ಯಾರಾದರೂ ಏನು ಅಂದುಕೊಳ್ಳುತ್ತಾರೆ? ಸಮುದ್ರದ ವಾಂತಿ ಅಂತ. ಕ್ಯಾಬಿನ್ ಒಳಗೆ ಹೋಗಿ ಮಲಗು ಎಂದು ಹೇಳುತ್ತಾರೆ. ಹೋಗಲೇಬಾರದ ಜಾಗ ಅದೇ. ಸೈಲೆನ್ಸರ್ ಸರಿ ಇರಲಿ ಬಿಡಲಿ, ಮಲಗುವ ಜಾಗದಲ್ಲಿ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲೇಬೇಕು.

ಎರಡನೇ ಕಾರಣ ನೀರು. ಪಂಪು ನಿಮಿಷಕ್ಕೆ ಹತ್ತಾರು ಲೀಟರ್ ಸಮುದ್ರದ ನೀರನ್ನು ಒಳಗೆ ಎಳೆಯುತ್ತಿರುತ್ತದೆ. ಬಿರುಕು ಇದ್ದಕ್ಕಿದ್ದಂತೆ ಬಾಯಿಬಿಟ್ಟರೆ ಆ ನೀರು ಹೊರಗೆ ಹೋಗುವ ಬದಲು ತಳಕ್ಕೆ ಸುರಿಯುತ್ತದೆ. ದೋಣಿಯನ್ನು ತುಂಬಿಸುತ್ತಿರುವುದು ನಿಮ್ಮ ಎಂಜಿನ್ನೇ.

ಎಂ-ಸೀಲ್ ಹಚ್ಚಿದರೆ ಸಾಲದಾ? ಕಾರಿನ ಸೈಲೆನ್ಸರ್ ಪೇಸ್ಟ್?

ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿ ಮನೆ ತಲುಪಲು ಸಾಕಾಗಬಹುದು, ಅಷ್ಟೇ. ಅದರಲ್ಲಿ ಗಾಜಿನ ಎಳೆಯಿಲ್ಲ. ಸೈಲೆನ್ಸರ್ ಎಂಜಿನ್ ಜೊತೆ ನಡುಗುತ್ತಲೇ ಇರುತ್ತದೆ, ಎಳೆಯಿಲ್ಲದ ಗಟ್ಟಿ ಪುಟ್ಟಿ ಆ ನಡುಕಕ್ಕೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ.

ಕಾರಿನ ಪೇಸ್ಟ್ ಮಾತ್ರ ಮುಟ್ಟಲೇಬೇಡಿ. ಅದು ಒಣ, ಕಾದ ಕಬ್ಬಿಣದ ಮೇಲೆ ಬಿಸಿಯಿಂದ ಗಟ್ಟಿಯಾಗಲೆಂದು ಮಾಡಿದ ವಸ್ತು. ನಿಮ್ಮ ಸೈಲೆನ್ಸರ್ ತಂಪು ಮತ್ತು ಒದ್ದೆ.

ಸಮುದ್ರದ ಮಧ್ಯೆ ಒಡೆದರೆ?

ಹಾಯಿ ಇದ್ದರೆ ಹಾಯಿ ಏರಿಸಿ. ಇಲ್ಲವೇ ಎಳೆದೊಯ್ಯಲು ಇನ್ನೊಂದು ದೋಣಿ ಕರೆಯಿರಿ. ಎಂಜಿನ್ ಓಡಿಸಲೇಬೇಕಾದರೆ ಬಿರುಕಿನ ಮೇಲೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಅದರ ಮೇಲೆ ತನ್ನಷ್ಟಕ್ಕೇ ಅಂಟಿಕೊಳ್ಳುವ ಸಿಲಿಕೋನ್ ಟೇಪನ್ನು ಚೆನ್ನಾಗಿ ಎಳೆದು ಸುತ್ತಿ. ದುಂಡನೆಯ ಡಬ್ಬವಾದರೆ ಮೇಲೆ ಉದ್ದದ ಹೋಸ್ ಕ್ಲಾಂಪ್ ಅಥವಾ ಪಟ್ಟಿ ಬಿಗಿಯಿರಿ. ಎಂಜಿನ್ ನಿಧಾನ ಓಡಲಿ. ಕಿಟಕಿ, ಬಾಗಿಲು, ಹ್ಯಾಚ್ ಎಲ್ಲ ತೆರೆದು, ಜನರನ್ನು ಡೆಕ್ ಮೇಲೆ ಕೂರಿಸಿ. ಒಬ್ಬರು ಆಗಾಗ ತಳದ ನೀರು ನೋಡುತ್ತಿರಲಿ.

ರಿಪೇರಿ ಮಾಡುವುದಾ, ಹೊಸದು ಕೊಳ್ಳುವುದಾ? ಯಾವಾಗ ಯಾವುದು?

ಕುತ್ತಿಗೆಯಲ್ಲೋ ಅಂಚಿನಲ್ಲೋ ಒಂದು ಬಿರುಕು, ಉಳಿದ ಮೈ ಗಟ್ಟಿ ಎಂದಾದರೆ ರಿಪೇರಿ ಮಾಡಿ. ಒಳ್ಳೆಯ ಕೆಲಸ ಮಾಡಿದರೆ ಆ ಜಾಗ ಹಳೆಯದಕ್ಕಿಂತ ದಪ್ಪವೂ ಗಟ್ಟಿಯೂ ಆಗಿರುತ್ತದೆ.

ಆದರೆ ಬಿಚ್ಚಿದ ಮೇಲೆ ಮೊದಲು ಟಾರ್ಚ್ ಹಾಕಿ ಒಳಗೆ ನೋಡಿ. ಒಳಮೈ ಕಂದು ಬಣ್ಣಕ್ಕೆ ತಿರುಗಿ ಗಾಜಿನ ಎಳೆಗಳು ಬರಿಗಣ್ಣಿಗೆ ಕಾಣುತ್ತಿದ್ದರೆ ರೆಸಿನ್ ಸುಟ್ಟುಹೋಗಿದೆ ಎಂದರ್ಥ. ಹೊರಗಿನಿಂದ ನಾಣ್ಯದಲ್ಲಿ ಇಡೀ ಮೈ ತಟ್ಟುತ್ತಾ ಬನ್ನಿ. ಗಟ್ಟಿ ಜಾಗದಲ್ಲಿ ಚುರುಕಾದ ಟಕ್ ಸದ್ದು, ಪದರ ಬಿಟ್ಟ ಜಾಗದಲ್ಲಿ ಮಂಕಾದ ಸದ್ದು. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವ ಜಾಗ ಇದೆಯಾ? ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಎನ್ನುತ್ತದಾ? ಕೆಲವು ಸೈಲೆನ್ಸರ್‌ಗಳೊಳಗೆ ಅಡ್ಡ ಹಲಗೆ ಇರುತ್ತದೆ, ಅದು ಕಳಚಿದ್ದರೆ ಮೈ ಕೊಯ್ಯದೆ ಕೈ ಹಾಕಲಾಗದು. ಇವುಗಳಲ್ಲಿ ಒಂದೇ ಒಂದು ಇದ್ದರೂ ನನ್ನ ಸಲಹೆ ಹೊಸದು. ಸುಟ್ಟ ಫೈಬರ್ ಮೇಲೆ ಎಷ್ಟು ಪದರ ಹಾಕಿದರೂ ಅದು ಪುಡಿಯ ಮೇಲೆ ಅಂಟಿಸಿದ ಹಾಗೆ.

ಭಾರತದಲ್ಲಿ ಇರುವವರಿಗೆ ಇನ್ನೊಂದು ಲೆಕ್ಕವಿದೆ. ಇಂಥ ಭಾಗಗಳು ಬಹುತೇಕ ಹೊರದೇಶದಿಂದ ಬರಬೇಕು. ಸಾಗಣೆ, ಸುಂಕ, ಕಾಯುವ ದಿನ ಎಲ್ಲ ಸೇರಿದಾಗ ರಿಪೇರಿಯ ಆಸೆ ಸಹಜವೇ. ಆಸೆ ಇರಲಿ, ಆದರೆ ನಾಣ್ಯ ತಟ್ಟಿ ನೋಡಿದ ಮೇಲೆ.

ಯಾವ ರೆಸಿನ್? ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೆಸಿನ್ ಆಗುತ್ತದಾ?

ಅತಿ ಮುಖ್ಯವಾದ ಪ್ರಶ್ನೆ ಇದು. ದೋಣಿಯ ಮೈಗೆ, ನೀರಿನ ಟ್ಯಾಂಕಿಗೆ ಬಳಸುವ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಸುಮಾರು 60ರಿಂದ 75 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತದೆ. ಐಸೋ ಎಂದು ಕರೆಯುವ ಐಸೋಫ್ಥಾಲಿಕ್ ಪಾಲಿಯೆಸ್ಟರ್ 90ರ ಆಸುಪಾಸು ತಡೆಯುತ್ತದೆ. ವಿನೈಲ್ ಎಸ್ಟರ್ 100 ಡಿಗ್ರಿ ಚೂರು ದಾಟುತ್ತದೆ, ಆಮ್ಲಕ್ಕೂ ಜಗ್ಗುವುದಿಲ್ಲ. ಅದರಲ್ಲೇ ನೊವೊಲ್ಯಾಕ್ ಎಂಬ ಜಾತಿ 150 ಡಿಗ್ರಿ ಹತ್ತಿರದವರೆಗೂ ನಿಲ್ಲುತ್ತದೆ. ರಾಸಾಯನಿಕ ಕಾರ್ಖಾನೆಗಳ ಟ್ಯಾಂಕು, ಚಿಮಣಿಗಳಿಗೆ ಅದೇ ಬಳಕೆ. ಇವೆಲ್ಲ ರೆಸಿನ್ ಪೂರ್ತಿ ಗಟ್ಟಿಯಾದ ಮೇಲಿನ ಅಂದಾಜು ಅಂಕಿಗಳು. ನಿಮ್ಮ ರೆಸಿನ್‌ನ ಡೇಟಾ ಶೀಟ್ ನೋಡಿ.

ಹಾಗಾಗಿ ಉತ್ತರ ವಿನೈಲ್ ಎಸ್ಟರ್. ನೊವೊಲ್ಯಾಕ್ ಸಿಕ್ಕರೆ ಇನ್ನೂ ಒಳ್ಳೆಯದು.

"ನೀರು ಬಂದರೆ 60 ಡಿಗ್ರಿಯೂ ಆಗುವುದಿಲ್ಲವಲ್ಲ, ಇಷ್ಟೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ನೀರು ಬಾರದ ದಿನಕ್ಕಾಗಿ. ಇಂಪೆಲ್ಲರ್ ಹರಿದ ಕ್ಷಣದಿಂದ ನೀವು ಎಂಜಿನ್ ನಿಲ್ಲಿಸುವವರೆಗಿನ ಆ ಒಂದೆರಡು ನಿಮಿಷಕ್ಕಾಗಿ. ಹೊಗೆಯ ಹೋಸುಗಳಿಗೆ ಇರುವ ಎಸ್‌ಎಇ ಜೆ2006 ಮಾನದಂಡ ಕೂಡ ನೀರು ಪೂರ್ತಿ ನಿಂತ ಮೇಲೆ 2 ನಿಮಿಷ ಹೋಸು ತಡೆಯಬೇಕು ಎನ್ನುತ್ತದೆ. ಹೋಸು ತಡೆದು, ನಿಮ್ಮ ತೇಪೆ ಕರಗಿದರೆ ಏನು ಬಂತು?

ಎಪಾಕ್ಸಿ ಎಲ್ಲಕ್ಕಿಂತ ಗಟ್ಟಿ ಅಂತಾರಲ್ಲ?

ಅಂಟುವುದರಲ್ಲಿ ಹೌದು. ಹಳೆಯ ಫೈಬರ್ ಮೇಲೆ ಎಪಾಕ್ಸಿಯಷ್ಟು ಚೆನ್ನಾಗಿ ಅಂಟುವುದು ಇನ್ನೊಂದಿಲ್ಲ. ಆದರೆ ದೋಣಿಯವರು ಬಳಸುವ, ಮಾಮೂಲು ಹವೆಯಲ್ಲೇ ಗಟ್ಟಿಯಾಗುವ ಎಪಾಕ್ಸಿ 50–60 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ. ಬಿಸಿ ತಡೆಯುವ ಎಪಾಕ್ಸಿ ಬೇರೆ ಇದೆ, ಅದನ್ನು ಕಾಯಿಸಿ ಗಟ್ಟಿಮಾಡಬೇಕು. ಆ ವ್ಯವಸ್ಥೆ ಇದ್ದರೆ ಧಾರಾಳವಾಗಿ ಬಳಸಿ.

ಒಂದು ಎಚ್ಚರ. ಹಿಂದೆ ಯಾರಾದರೂ ಎಪಾಕ್ಸಿ ಹಚ್ಚಿದ್ದರೆ ಅದನ್ನು ಪೂರ್ತಿ ಉಜ್ಜಿ ತೆಗೆಯಿರಿ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ. ವಿನೈಲ್ ಎಸ್ಟರ್ ವಿಷಯದಲ್ಲೂ ನಾನು ಆ ಅಪಾಯ ತೆಗೆದುಕೊಳ್ಳುವುದಿಲ್ಲ. ಎಪಾಕ್ಸಿ ಬಳಸುವುದಾದರೆ ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್ (ಕತ್ತರಿಸಿದ ಗಾಜಿನ ಎಳೆಗಳ ಹಾಸು) ಬಿಟ್ಟು ನೇಯ್ದ ಗಾಜಿನ ಬಟ್ಟೆ ತನ್ನಿ. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಪಾಲಿಯೆಸ್ಟರ್, ವಿನೈಲ್ ಎಸ್ಟರ್ ರೆಸಿನ್‌ಗಳಲ್ಲಿರುವ ಸ್ಟೈರೀನ್ ಎಂಬ ದ್ರಾವಕದಲ್ಲಿ. ಎಪಾಕ್ಸಿಯಲ್ಲಿ ಅದು ಇರುವುದಿಲ್ಲ.

ಏನೇನು ತರಬೇಕು?

ವಿನೈಲ್ ಎಸ್ಟರ್ ರೆಸಿನ್ 1 ಕಿಲೋ, ಸಣ್ಣ ಕೆಲಸಕ್ಕೆ ಮಿಕ್ಕೇ ಮಿಗುತ್ತದೆ. ಡಬ್ಬದ ಮೇಲಿನ ತಾರೀಕು ನೋಡಿ, ಇದು ಕೆಲವೇ ತಿಂಗಳು ಬಾಳುವ ಸರಕು. ಗಟ್ಟಿಮಾಡುವ ಎಂಇಕೆಪಿ, ಅಂದರೆ ನಮ್ಮಲ್ಲಿ ಹಾರ್ಡ್ನರ್ ಎನ್ನುವುದು. ಚದರ ಮೀಟರಿಗೆ 450 ಗ್ರಾಂ ಮತ್ತು 300 ಗ್ರಾಂ ತೂಗುವ ಮ್ಯಾಟ್, ಸರ್ಫೇಸ್ ಟಿಶ್ಯೂ ಎಂಬ ತೆಳು ಗಾಜಿನ ಎಳೆಯ ಹಾಳೆ ಒಂದಿಷ್ಟು. ಅಸಿಟೋನ್, ಅಗ್ಗದ ಬ್ರಷ್‌ಗಳು, ಗಾಳಿ ಓಡಿಸುವ ಸಣ್ಣ ಲೋಹದ ರೋಲರ್, ಗ್ರಾಂ ತೋರಿಸುವ ತಕ್ಕಡಿ, 40 ಮತ್ತು 80 ನಂಬರಿನ ಪೇಪರ್ ಹಾಕುವ ಗ್ರೈಂಡರ್.

ಮಾಸ್ಕ್ ವಿಷಯದಲ್ಲಿ ಜಿಪುಣತನ ಬೇಡ. ಉಜ್ಜುವಾಗಿನ ಗಾಜಿನ ದೂಳಿಗೆ ಎನ್95 ನಡೆಯುತ್ತದೆ. ಆದರೆ ರೆಸಿನ್ ಹಚ್ಚುವಾಗ ಬರುವ ಸ್ಟೈರೀನ್ ಆವಿಯನ್ನು ಅದು ತಡೆಯುವುದಿಲ್ಲ. ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕಣ್ಣಿಗೆ ಗಾಗಲ್ಸ್ ಕಡ್ಡಾಯ. ಎಂಇಕೆಪಿಯ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಬಿದ್ದರೆ ತಕ್ಷಣ ನೀರಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದಾರೆ. ಏನು ಮಾಡಲಿ?

ನಮ್ಮ ದೇಶದಲ್ಲಿ ಹಲವು ಅಂಗಡಿಗಳಲ್ಲಿ ರೆಸಿನ್, ಅದು ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್, ಹಾರ್ಡ್ನರ್ ಮೂರೂ ಬೇರೆ ಬೇರೆ ಕೊಡುತ್ತಾರೆ. ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನೂ ನೇರವಾಗಿ ಬೆರೆಸಲೇಬಾರದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕದಡಿ. ಆಮೇಲೆ ಹಾರ್ಡ್ನರ್. ಎರಡಕ್ಕೂ ಒಂದೇ ಅಳತೆಯ ಲೋಟ, ಒಂದೇ ಕಡ್ಡಿ ಬಳಸಬೇಡಿ. ಒರೆಸಿದ ಬಟ್ಟೆಗಳನ್ನೂ ಒಟ್ಟಿಗೆ ಎಸೆಯಬೇಡಿ.

ಸಾಧ್ಯವಾದರೆ ಕೋಬಾಲ್ಟ್ ಮೊದಲೇ ಬೆರೆಸಿದ ಪ್ರಮೋಟೆಡ್ ರೆಸಿನ್ ಕೇಳಿ ತನ್ನಿ. ಈ ತಲೆನೋವೇ ಇರುವುದಿಲ್ಲ.

ಸರಿ, ಕೆಲಸ ಹೇಗೆ ಮಾಡುವುದು?

ಮೊದಲು ಸೈಲೆನ್ಸರನ್ನು ಬಿಚ್ಚಿ ಹೊರಗೆ ತನ್ನಿ. ಇದ್ದಲ್ಲೇ ಮಾಡುತ್ತೇನೆ ಎಂದು ಎಂಜಿನ್ ಕೋಣೆಯಲ್ಲಿ ತಲೆಕೆಳಗಾಗಿ ತೂಗಾಡುವುದರಲ್ಲಿ ಅರ್ಥವಿಲ್ಲ. ಕಾಣದ ಮಗ್ಗುಲಿನ ಬಿರುಕು ಹಾಗೇ ಉಳಿಯುತ್ತದೆ, ಆವಿಯೂ ಅಲ್ಲೇ ತುಂಬುತ್ತದೆ. ಬಿಚ್ಚುವ ಮೊದಲು ಯಾವ ಕೊಳವೆ ಯಾವ ಕಡೆಗೆ ಎಂದು ಮಾರ್ಕರ್‌ನಲ್ಲಿ ಬರೆದುಕೊಳ್ಳಿ. ಒಳಕ್ಕೂ ಹೊರಕ್ಕೂ ಕೊಳವೆ ಒಂದೇ ಥರ ಕಾಣುತ್ತದೆ, ತಿರುಗಾಮುರುಗಾ ಹಾಕಿದರೆ ವಾಟರ್‌ಲಿಫ್ಟ್ ಕೆಲಸ ಮಾಡುವುದಿಲ್ಲ. ಹೋಸು ಬಿಡದಿದ್ದರೆ ಕೊಳವೆಯನ್ನು ತಿರುಚಬೇಡಿ, ಹೋಸನ್ನು ಉದ್ದಕ್ಕೆ ಸೀಳಿ. ಹೋಸು ಹೋದರೆ ಹೋಗಲಿ.

ಒಳಗೆ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ ಕುಲುಕಿ, ಮಸಿ ಎಣ್ಣೆ ಎಲ್ಲ ಹೋಗುವವರೆಗೆ ತೊಳೆಯಿರಿ. ಆಮೇಲೆ ಸಿಹಿನೀರು, ಉಪ್ಪು ಉಳಿಯಬಾರದು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಬಿರುಕಿನೊಳಗಿನ ಪದರಗಳು ನೀರು ಕುಡಿದಿರುತ್ತವೆ, ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಪಸೆ ಇರುತ್ತದೆ. ಅವಸರ ಬೇಡ. ಒಣಗಿದ ಮೇಲೆ ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಉಜ್ಜಿ. ಮೊದಲು ಉಜ್ಜಿದರೆ ಜಿಡ್ಡನ್ನು ನೀವೇ ಒಳಕ್ಕೆ ತಳ್ಳಿದ ಹಾಗಾಗುತ್ತದೆ.

ಈಗ ಗ್ರೈಂಡರ್. ಬಿರುಕಿನ ಗೆರೆಯನ್ನಷ್ಟೇ ಕೆರೆದು ತುಂಬಿದರೆ ಪ್ರಯೋಜನವಿಲ್ಲ. ಬಿಳಿಚಿಕೊಂಡ, ಪದರ ಬಿಟ್ಟ ಭಾಗ ಎಲ್ಲ ಹೋಗುವವರೆಗೆ ಕೆರೆದು, ಸುತ್ತಲೂ ನಿಧಾನ ಇಳಿಜಾರು ಮಾಡಬೇಕು. ಗೋಡೆಯ ದಪ್ಪದ 12 ಪಟ್ಟು ಅಗಲ ಎಂಬುದು ಒಳ್ಳೆಯ ಲೆಕ್ಕ. 5 ಮಿ.ಮೀ. ಗೋಡೆಯಾದರೆ ಪ್ರತಿ ಕಡೆಗೂ 60 ಮಿ.ಮೀ. ಇಷ್ಟು ಸಣ್ಣ ಬಿರುಕಿಗೆ ಇಷ್ಟು ದೊಡ್ಡ ಗಾಯವೇ ಎನ್ನಿಸುತ್ತದೆ. ಹೊಸ ಪದರ ಹಳೆಯದನ್ನು ಹಿಡಿದುಕೊಳ್ಳುವುದು ಬರೀ ಅಂಟಿನಿಂದ, ಹಾಗಾಗಿ ಅಂಟುವ ಜಾಗ ದೊಡ್ಡದಿದ್ದಷ್ಟೂ ಒಳ್ಳೆಯದು. ಕೊನೆಗೆ 40 ನಂಬರ್ ಪೇಪರಿನ ಒರಟು ಗೀರು ಎಲ್ಲ ಕಡೆ ಇರಲಿ. ಹೊಳಪು ಉಳಿದ ಜಾಗದಲ್ಲಿ ರೆಸಿನ್ ಹಿಡಿಯುವುದಿಲ್ಲ.

ರೆಸಿನ್ ಬೆರೆಸುವಾಗ 100 ಗ್ರಾಂಗೆ 1ರಿಂದ 2 ಗ್ರಾಂ ಹಾರ್ಡ್ನರ್. ಕರಾವಳಿಯ 32 ಡಿಗ್ರಿ ಮಧ್ಯಾಹ್ನದಲ್ಲಿ ಕಡಿಮೆ ಕಡೆಗೇ ಇರಿ, ಬೆಳಿಗ್ಗೆ ಬೇಗ ಕೆಲಸ ಮಾಡಿ. ಒಮ್ಮೆಗೆ 150–200 ಗ್ರಾಂಗಿಂತ ಹೆಚ್ಚು ಬೆರೆಸಬೇಡಿ, ಲೋಟದಲ್ಲೇ ಕಾದು ಗಟ್ಟಿಯಾಗುತ್ತದೆ. ವಿನೈಲ್ ಎಸ್ಟರ್‌ಗೆ ಎಂಇಕೆಪಿ ಬಿದ್ದಾಗ ನೊರೆ ಬರುವುದುಂಟು. ಒಂದೆರಡು ನಿಮಿಷ ಬಿಟ್ಟು ಗುಳ್ಳೆ ಇಳಿದ ಮೇಲೆ ಹಚ್ಚಿ. ತೆಳುವಾಗಲಿ ಎಂದು ಅಸಿಟೋನ್ ಹುಯ್ಯಬಾರದು.

ಮೊದಲು ಬರೀ ರೆಸಿನ್ ಒಂದು ಕೈ. ಬಿರುಕು ಆರಪಾರ ಇದ್ದರೆ ಆಮ್ಲದ ನೀರು ಮುಟ್ಟುವ ಆ ಜಾಗಕ್ಕೆ ರೆಸಿನ್ ತುಂಬಿದ ಸರ್ಫೇಸ್ ಟಿಶ್ಯೂ ಮೊದಲು. ಆಮೇಲೆ ಮ್ಯಾಟ್. 450 ಗ್ರಾಂ ಮ್ಯಾಟಿನ ಒಂದು ಪದರ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ, ಆದ್ದರಿಂದ 5 ಮಿ.ಮೀ. ಗೋಡೆಗೆ 5 ಪದರ, ಮೇಲೆ ಎಲ್ಲವನ್ನೂ ಮುಚ್ಚುವ ಒಂದು ದೊಡ್ಡ ಪದರ. ಮ್ಯಾಟಿನ ತೂಕದ ಎರಡು ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಸಣ್ಣ ತುಂಡು ಮೊದಲೋ ದೊಡ್ಡದು ಮೊದಲೋ ಎಂಬ ವಾದ ಮುಗಿಯುವಂಥದ್ದಲ್ಲ. ನನ್ನ ಮತ ದೊಡ್ಡದಕ್ಕೆ. ಮೊದಲ ತುಂಡೇ ಇಳಿಜಾರಿನ ಪೂರ್ತಿ ಅಗಲಕ್ಕೆ ಅಂಟುತ್ತದೆ. ಪ್ರತಿ ಪದರದಲ್ಲೂ ರೋಲರ್ ಒತ್ತಿ ಗಾಳಿ ಓಡಿಸಿ. ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ. ಎರಡು ಮೂರು ಪದರ ಹಾಕಿ, ಅದರ ಬಿಸಿ ಇಳಿಯಲು ಬಿಟ್ಟು ಮುಂದುವರಿಯಿರಿ. ಒಟ್ಟಿಗೇ ಆರು ಪದರ ಹೇರಿದರೆ ಕಾದು ಸೀಳುತ್ತದೆ.

ಕೊನೆಯ ಕೈಗೆ ಮೇಣ ಬೆರೆಸಿದ ರೆಸಿನ್ ಹಚ್ಚಿ, ಇಲ್ಲವೇ ಮೇಲೆ ಪಾಲಿಯೆಸ್ಟರ್ ಹಾಳೆ ಹೊದಿಸಿ. ಗಾಳಿ ತಾಗಿದ ಮೇಲ್ಮೈ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ.

ಕುತ್ತಿಗೆಯಲ್ಲಿ ಬಿರುಕು ಬಂದಿದೆ. ಅಲ್ಲಿ ಮ್ಯಾಟ್ ಕೂರುವುದೇ ಇಲ್ಲ.

ಚೂಪಾದ ಮೂಲೆಯಲ್ಲಿ ಮ್ಯಾಟ್ ಕೂರುವುದಿಲ್ಲ, ಕೂರಿಸಿದರೂ ಹಿಂದೆ ಗಾಳಿ ಉಳಿಯುತ್ತದೆ. ಮೊದಲು ರೆಸಿನ್‌ಗೆ ಕತ್ತರಿಸಿದ ಸಣ್ಣ ಗಾಜಿನ ಎಳೆ ಬೆರೆಸಿ ಲೇಹ್ಯದ ಹದಕ್ಕೆ ತಂದು, ಮೂಲೆಯಲ್ಲಿ ಬೆರಳಿನ ಬಾಗಿನಷ್ಟು ದುಂಡಗೆ ತುಂಬಿ. ಅದು ಇನ್ನೂ ಹಸಿ ಇರುವಾಗಲೇ 25 ಮಿ.ಮೀ. ಅಗಲದ ಮ್ಯಾಟಿನ ಪಟ್ಟಿಗಳನ್ನು ಕೊಳವೆಯ ಮೇಲಿಂದ ಡಬ್ಬದ ಮೈಮೇಲಕ್ಕೆ, ಒಂದರ ಮೇಲೊಂದು ಅರ್ಧ ಏರುವಂತೆ, ಸುತ್ತಲೂ ಹಾಸಿ. ಆಮೇಲೆ ಕೊಳವೆಯ ಸುತ್ತ ಒಂದು ಸುತ್ತು ಪಟ್ಟಿ. ಎರಡು ಮೂರು ಸಲ ಹೀಗೆ.

ಇಲ್ಲಿ ಒಂದು ವಿಷಯ ತುಂಬಾ ಜನ ಮರೆಯುತ್ತಾರೆ. ಕೊಳವೆಯ ಮೇಲೆ ಹೋಸು ಏರಬೇಕಲ್ವಾ? ಹೋಸು ಕೂರುವಷ್ಟು ಉದ್ದವನ್ನು ಮೊದಲೇ ಟೇಪ್ ಸುತ್ತಿ ಮುಚ್ಚಿಬಿಡಿ. 2 ಇಂಚಿನ ಕೊಳವೆಗೆ ಒಂದೇ ಒಂದು ಪದರ ಮ್ಯಾಟ್ ಹೆಚ್ಚಾದರೂ 2 ಇಂಚಿನ ಹೋಸು ಹತ್ತುವುದಿಲ್ಲ. ಕೊಳವೆಯ ಒಳಗಡೆಯಿಂದ ತೇಪೆ ಹಾಕುವ ಉಪಾಯವೂ ಬೇಡ. ದಾರಿ ಕಿರಿದಾದರೆ ಹೊಗೆಗೆ ಹಿಂದೊತ್ತಡ ಹೆಚ್ಚಿ ಎಂಜಿನ್ ಉಸಿರುಗಟ್ಟುತ್ತದೆ.

ಎಷ್ಟು ಹೊತ್ತು ಒಣಗಬೇಕು?

ಗಟ್ಟಿಯಾಗಲು ಕೆಲವು ಗಂಟೆ, ಬಿಸಿ ತಡೆಯುವಷ್ಟು ಗಟ್ಟಿಯಾಗಲು ಇನ್ನೂ ಜಾಸ್ತಿ. ಒಂದು ದಿನ ಹಾಗೇ ಬಿಟ್ಟು, ನಂತರ 60–80 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಮೇಲೆ ಹೇಳಿದ ಅಂಕಿಗಳ ಹತ್ತಿರ ಬರುತ್ತದೆ. ಪೆಟ್ಟಿಗೆಯೊಳಗೆ ಹ್ಯಾಲೊಜನ್ ದೀಪ ಇಟ್ಟು ಥರ್ಮಾಮೀಟರ್ ನೋಡುತ್ತಾ ಮಾಡಬಹುದು. ಕಪ್ಪು ಹಾಳೆ ಹೊದಿಸಿ ಏಪ್ರಿಲ್ ಬಿಸಿಲಿಗೆ ಇಡುವುದೂ ಏನೂ ಮಾಡದಿರುವುದಕ್ಕಿಂತ ಮೇಲು. ಅಡುಗೆಮನೆಯ ಓವನ್ ಬೇಡ, ಮನೆಯವರು ಬಿಡುವುದೂ ಇಲ್ಲ.

ಪರೀಕ್ಷೆ ಸುಲಭ. ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿ. ಮೇಲ್ಮೈ ಅಂಟಾದರೆ ಇನ್ನೂ ಆಗಿಲ್ಲ.

ಮಳೆಗಾಲದಲ್ಲಿ ಮಾಡಬಹುದಾ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿಗಳ ರಿಪೇರಿಯೂ ಆಗಲೇ. ಆದರೆ ತೇವದ ಗಾಳಿ ಫೈಬರ್‌ಗೆ ಆಗದು. ಸೈಲೆನ್ಸರ್ ಕೈಯಲ್ಲಿ ಹೊತ್ತೊಯ್ಯುವಷ್ಟು ಸಣ್ಣದು. ಬಿಸಿ ದೀಪ ಹಾಕಿ ಒಣಗಿಸಿದ, ಗಾಳಿ ಆಡುವ ಶೆಡ್ಡಿನಲ್ಲಿ ಮಾಡಿ.

ಸೋರುವುದಿಲ್ಲ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಕಂಪ್ರೆಸರ್‌ನಿಂದ ಗಾಳಿ ತುಂಬಬೇಡಿ. ಸಿಡಿದರೆ ಚೂರುಗಳು ಮುಖಕ್ಕೇ ಹಾರುತ್ತವೆ. ಒಂದು ಕೊಳವೆಗೆ ಬಿರಡೆ ಬಿಗಿದು, ಇನ್ನೊಂದಕ್ಕೆ ಹೋಸು ಜೋಡಿಸಿ ಮೇಲಕ್ಕೆತ್ತಿ ಕಟ್ಟಿ. ಸೈಲೆನ್ಸರಿನಿಂದ 1 ಮೀಟರ್ ಎತ್ತರಕ್ಕೆ ನೀರು ಬರುವಷ್ಟು ತುಂಬಿ. ಅದು ಸುಮಾರು 0.1 ಬಾರ್ ಒತ್ತಡ, ಓಡುವಾಗ ಒಳಗೆ ಬರುವ ಒತ್ತಡದ ಅಂದಾಜಿನದ್ದೇ. ತೇಪೆಯ ಅಂಚಿಗೆ ಟಿಶ್ಯೂ ಕಾಗದ ಸುತ್ತಿ ರಾತ್ರಿ ಬಿಡಿ. ಬೆಳಿಗ್ಗೆ ಕಾಗದ ಒಣಗಿದ್ದರೆ, ಹೋಸಿನ ನೀರಿನ ಮಟ್ಟ ಇಳಿಯದಿದ್ದರೆ ಪಾಸು.

ಮತ್ತೆ ಅದೇ ಜಾಗದಲ್ಲಿ ಒಡೆಯಿತು. ಯಾಕೆ?

ಕಾರಣ ಇನ್ನೂ ಅಲ್ಲೇ ಇದೆ. ಹೋಸಿನ ಭಾರ ಕೊಳವೆಯ ಮೇಲೆ ನೇತಾಡುತ್ತಿದೆಯಾ ನೋಡಿ. ನೀರು ತುಂಬಿದ ಹೋಸು ಹಗುರವಲ್ಲ, ಅದಕ್ಕೆ ಬೇರೆಯೇ ಆಸರೆ ಬೇಕು. ಸೈಲೆನ್ಸರನ್ನು ಪಟ್ಟಿ ಹಾಕಿ ಕಟ್ಟದಿದ್ದರೆ ಅಲೆಗೆ ಅದು ಜಾರಿ ಕುತ್ತಿಗೆ ಎಳೆಯುತ್ತದೆ. ಎಂಜಿನ್ ಮೌಂಟಿನ ರಬ್ಬರ್ ಸತ್ತಿದ್ದರೆ ನಡುಕವೆಲ್ಲ ಇಲ್ಲಿಗೇ. ಹೋಸ್ ಕ್ಲಾಂಪನ್ನು ಪೂರ್ತಿ ಶಕ್ತಿ ಹಾಕಿ ಬಿಗಿದರೆ ಫೈಬರ್ ಕೊಳವೆ ಹಿಸುಕಿಹೋಗುತ್ತದೆ. ಪ್ರತಿ ತುದಿಗೆ ಸ್ಟೇನ್‌ಲೆಸ್ ಕ್ಲಾಂಪ್ ಎರಡು, ಸ್ಕ್ರೂಗಳು ಎದುರುಬದುರು, ಬಿಗಿ ಹದವಾಗಿ.

ಬಿಸಿಯ ಗುರುತು ಇದ್ದರೆ ನೀರಿನ ದಾರಿ ಹುಡುಕಿ. ಇಂಪೆಲ್ಲರ್‌ನ ರೆಕ್ಕೆ ಮುರಿದು ಮುಂದೆ ಎಲ್ಲೋ ಸಿಕ್ಕಿಕೊಂಡಿರಬಹುದು, ಮಿಕ್ಸಿಂಗ್ ಎಲ್ಬೋ ಒಳಗೆ ಉಪ್ಪು ಮಸಿ ಕಟ್ಟಿರಬಹುದು, ನೀರಿನ ಜಾಲರಿಗೆ ಪಾಚಿ, ಪ್ಲಾಸ್ಟಿಕ್ ಚೀಲ ಸಿಕ್ಕಿರಬಹುದು. ಹೋಸಿಗೆ ಹೊಗೆಯ ಬಿಸಿ ತೋರಿಸುವ ಅಲಾರಂ ಹಾಕಿಸಿದರೆ ನಿಮಗಿಂತ ಮೊದಲು ಅದು ಕೂಗುತ್ತದೆ. ಈ ದುಡ್ಡು ದಂಡವಲ್ಲ.

ಅಮೆರಿಕದಲ್ಲಿ ಇದ್ದೇವೆ. ಚಳಿಗಾಲ ಮುಗಿದು ನೋಡಿದರೆ ಸೈಲೆನ್ಸರ್ ಸೀಳಿದೆ.

ಒಳಗೆ ನೀರು ಉಳಿದಿತ್ತು, ಹೆಪ್ಪುಗಟ್ಟಿತು. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡ ಹಿಗ್ಗುತ್ತದೆ. ಎಂಜಿನ್ ನಿಲ್ಲಿಸಿದಾಗ ಮೇಲಿನ ಹೋಸಿನ ನೀರೆಲ್ಲ ಈ ಡಬ್ಬಕ್ಕೇ ಇಳಿದು ಬರುತ್ತದೆ ಎಂಬುದು ನೆನಪಿರಲಿ. ಚಳಿಗೆ ಮೊದಲು ಡ್ರೈನ್ ಪ್ಲಗ್ ತೆಗೆದು ಬಸಿಯಿರಿ, ಇಲ್ಲವೇ ಪ್ರೊಪಿಲೀನ್ ಗ್ಲೈಕಾಲ್ ಆ್ಯಂಟಿಫ್ರೀಜ್ ಹಿಂದಿನಿಂದ ಹೊರಬರುವವರೆಗೆ ಎಂಜಿನ್ ಮೂಲಕ ಹಾಯಿಸಿ. ಹೀಗೆ ಸೀಳಿದ ಡಬ್ಬ ಸಾಮಾನ್ಯವಾಗಿ ಹಲವು ಕಡೆ ಪದರ ಬಿಟ್ಟಿರುತ್ತದೆ. ನಾಣ್ಯದ ಪರೀಕ್ಷೆ ಇಲ್ಲಿ ಇನ್ನೂ ಕಟ್ಟುನಿಟ್ಟಾಗಿ ಮಾಡಿ.

ವಾಪಸ್ ಜೋಡಿಸಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ?

ಎಂಜಿನ್ ಬೇಗ ಹಿಡಿಯದಿದ್ದರೆ ಸ್ಟಾರ್ಟರ್ ತಿರುಗಿಸುತ್ತಲೇ ಇರಬೇಡಿ. ಪಂಪು ನೀರು ತುಂಬುತ್ತಿರುತ್ತದೆ, ಅದನ್ನು ದಬ್ಬಲು ಹೊಗೆ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಹಿಂದಕ್ಕೆ ಎಂಜಿನ್‌ನೊಳಗೇ ಹೋಗುತ್ತದೆ. ಎರಡು ಸಲಕ್ಕೆ ಹಿಡಿಯದಿದ್ದರೆ ಸಮುದ್ರದ ನೀರಿನ ವಾಲ್ವ್ ಮುಚ್ಚಿ, ಹಿಡಿದ ಕೂಡಲೇ ತೆರೆಯಿರಿ. ತೆರೆಯಲು ಮರೆಯದಂತೆ ಕೀಲಿಯ ಹತ್ತಿರ ಒಂದು ಚೀಟಿ ಅಂಟಿಸಿ. ಹಿಂಬದಿಯಲ್ಲಿ ನೀರು ಚಿಮ್ಮುತ್ತಿದೆಯಾ ನೋಡಿ, ಅರ್ಧ ಗಂಟೆ ಭಾರ ಹಾಕಿ ಓಡಿಸಿ, ತೇಪೆಯ ಸುತ್ತ ಒಣ ಟಿಶ್ಯೂ ಹಾಯಿಸಿ.

ಫೈಬರ್ ಕೆಲಸದವರಿಗೆ ಕೊಡುವುದಾದರೆ ಏನು ಹೇಳಬೇಕು?

ದೋಣಿಯ ಮೈಗೆ ತೇಪೆ ಹಾಕಿ ಪಳಗಿದ ಕೈಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. ಮ್ಯಾಟ್ ಕೂರಿಸುವುದನ್ನು ನಾವು ಅವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಇದು ಹೊಗೆಯ ಸೈಲೆನ್ಸರ್, ಒಳಗೆ ಬಿಸಿ ಮತ್ತು ಆಮ್ಲ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅಂಗಡಿಯ ಡ್ರಮ್ಮಿನಲ್ಲಿರುವ ಸಾಮಾನ್ಯ ರೆಸಿನ್ನನ್ನೇ ಹಚ್ಚುತ್ತಾರೆ, ತಪ್ಪು ಅವರದ್ದಲ್ಲ. ವಿನೈಲ್ ಎಸ್ಟರ್ ನೀವೇ ಕೊಂಡು ಡಬ್ಬದ ಸಮೇತ ಕೊಡುವುದು ಇನ್ನೂ ಒಳ್ಳೆಯದು. ಹೋಸು ಕೂರುವ ಜಾಗಕ್ಕೆ ಟೇಪ್ ಸುತ್ತಿಯೇ ಕೊಡಿ, ನೀರಿನ ಪರೀಕ್ಷೆಯನ್ನು ಅವರ ಶೆಡ್ಡಿನಲ್ಲೇ ಮಾಡಿ ನೋಡಿ, ಆಮೇಲೆ ಬಾಕಿ ಹಣ ಕೊಡಿ.